ಇನ್ನೂರ ಒಂದು ಅಂಕಿಗಳ ಸಂಖ್ಯೆ



ನನ್ನ ಗಣಿತದ ತರಗತಿಯಲ್ಲಿ ಕುಳಿತವರಿಗೆ ಶಕುಂತಲಾದೇವಿಯವರ ಕಥೆ ನೆನಪಿರಲೇಬೇಕು. ಘನಮೂಲ ತಪ್ಪಿದವರನ್ನು ಎಬ್ಬಿಸಿ ನಿಲ್ಲಿಸಿ, "ಆಕೆ ಐವತ್ತು ಸೆಕೆಂಡಿನಲ್ಲಿ ಇಪ್ಪತ್ತಮೂರನೆಯ ಮೂಲ ತೆಗೆದರು, ನಿನಗೆ ಮೂರನೆಯದೂ ಬಾರದೇ?" ಎಂದು ಕೇಳುತ್ತಿದ್ದೆ. ಆ ಕಥೆಯನ್ನು ಈಗ ಸರಿಯಾಗಿ ಹೇಳಬೇಕೆನಿಸಿದೆ.

ಶಕುಂತಲಾದೇವಿಯವರು 1929ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ತಂದೆ ಸರ್ಕಸ್ಸಿನಲ್ಲಿ ದುಡಿಯುತ್ತಿದ್ದವರು. ಮಗಳ ಅಸಾಧಾರಣ ನೆನಪು ಅವರಿಗೆ ಮೊದಲು ತಿಳಿದದ್ದು ಇಸ್ಪೀಟು ಎಲೆಗಳ ಆಟದಲ್ಲಿ. ಕ್ರಮವಾದ ಶಾಲಾ ಶಿಕ್ಷಣ ಆಕೆಗೆ ದೊರೆಯಲಿಲ್ಲ. 1977ರಲ್ಲಿ ಅಮೆರಿಕದ ಡಲ್ಲಾಸ್ ನಗರದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ 201 ಅಂಕಿಗಳ ಸಂಖ್ಯೆಯೊಂದನ್ನು ಆಕೆಯ ಮುಂದಿಟ್ಟರು. 916ರಿಂದ ಆರಂಭವಾಗಿ 771ರಲ್ಲಿ ಮುಗಿಯುವ ಆ ಸಂಖ್ಯೆಯ 23ನೆಯ ಮೂಲ 54,63,72,891 ಎಂದು ಆಕೆ 50 ಸೆಕೆಂಡುಗಳಲ್ಲಿ ಹೇಳಿದರು. ಅದನ್ನು ತಾಳೆ ನೋಡಲು ಯೂನಿವ್ಯಾಕ್ ಗಣಕಯಂತ್ರಕ್ಕೆ ವಿಶೇಷ ಕ್ರಮವಿಧಿಯನ್ನೇ ಬರೆಯಬೇಕಾಯಿತಂತೆ.

ನಿವೃತ್ತಿಯ ಬಿಡುವಿನಲ್ಲಿ ನಾನೂ ಪೆನ್ಸಿಲ್ ಹಿಡಿದು ಆ ಸಂಖ್ಯೆಯೊಡನೆ ಕುಳಿತೆ. ಒಂದರ ಮುಂದೆ 8 ಸೊನ್ನೆಗಳಿರುವ ಸಂಖ್ಯೆಯ 23ನೆಯ ಘಾತಕ್ಕೆ 185 ಅಂಕಿಗಳು. 9 ಸೊನ್ನೆಗಳಿದ್ದರೆ 208. ನಮ್ಮ 201 ಇವುಗಳ ನಡುವೆ ಬರುವುದರಿಂದ ಮೂಲಕ್ಕೆ ಒಂಬತ್ತೇ ಅಂಕಿಗಳು. ಇನ್ನು ಕೊನೆಯ ಅಂಕಿ. ಘಾತವನ್ನು ಏರಿಸುತ್ತ ಹೋದಂತೆ ಕೊನೆಯ ಅಂಕಿಯು ನಾಲ್ಕು ಹೆಜ್ಜೆಗೊಮ್ಮೆ ಮರುಕಳಿಸುತ್ತದೆ. 23ನ್ನು 4ರಿಂದ ಭಾಗಿಸಿದರೆ ಶೇಷ 3. ಆದುದರಿಂದ 23ನೆಯ ಘಾತದ ಕೊನೆಯ ಅಂಕಿಯೂ ಘನದ ಕೊನೆಯ ಅಂಕಿಯೂ ಒಂದೇ! ಸಂಖ್ಯೆ 1ರಲ್ಲಿ ಮುಗಿದರೆ ಮೂಲವೂ 1ರಲ್ಲೇ ಮುಗಿಯಬೇಕು. ನಾನು ಯಾವ ಘನಮೂಲಕ್ಕಾಗಿ ಮಕ್ಕಳನ್ನು ಹಂಗಿಸಿದೆನೋ ಅದೇ ಇಲ್ಲಿ ಬೀಗದ ಕೈ.

ಮತ್ತೊಂದು ಸೊಗಸು: 54,63,72,891ರಲ್ಲಿ 1ರಿಂದ 9ರವರೆಗಿನ ಅಂಕಿಗಳು ಒಂದೊಂದೇ ಬಾರಿ ಬಂದಿವೆ. ಮೊತ್ತ 45; ಆದುದರಿಂದ ಅದು 9ರಿಂದ ಭಾಗವಾಗುತ್ತದೆ. ಇನ್ನೂ ನೋಡಿದರೆ ಅದು 27 × 2,02,36,033. ಅಲ್ಲಿಗೆ ಆ ಮಹಾಸಂಖ್ಯೆಯನ್ನು 3ರಿಂದ ನಿಶ್ಶೇಷವಾಗಿ 69 ಸಲ ಭಾಗಿಸಬಹುದು. ಎಪ್ಪತ್ತನೆಯ ಸಲ ಆಗದು. ಲಾಗರಿದಮ್ ಕೋಷ್ಟಕವಿದ್ದರೆ ಮೂಲದ ಎಡತುದಿಯ ಮೂರು ಅಂಕಿಗಳೂ ನಮಗೆ ದಕ್ಕುತ್ತವೆ. ಉಳಿದದ್ದು, ಅದೂ ಬಾಯಿಲೆಕ್ಕದಲ್ಲಿ, ಆಕೆಯ ಪ್ರತಿಭೆ.

ಇದನ್ನು ನಾನು ತರಗತಿಯಲ್ಲಿ ಒಮ್ಮೆಯೂ ತೋರಿಸಲಿಲ್ಲ. ಐವತ್ತು ಸೆಕೆಂಡನ್ನು ಮಾತ್ರ ತೋರಿಸಿದೆ. ಹಾಗೆ ನಾನು ನಿಲ್ಲಿಸಿದ ಹುಡುಗನೊಬ್ಬ ಮತ್ತೆಂದೂ ಕೈ ಎತ್ತಲಿಲ್ಲ. ಈಗ ಕಿಬ್ಬನಹಳ್ಳಿಯ ನಮ್ಮ ತೋಟದಲ್ಲಿ ಕಾಯಿ ಎಣಿಸಲು ಬರುವವನು ಅವನೇ. ನೂರಕ್ಕೊಂದು ಕಾಯಿಯನ್ನು ಗುರುತಿಗೆ ಬದಿಗಿಟ್ಟು, ಕೊನೆಯಲ್ಲಿ ಉಳಿದ ಬಿಡಿಕಾಯಿಗಳನ್ನು ಕೂಡಿಸಿ, ರಾಶಿಯ ಲೆಕ್ಕವನ್ನು ತಪ್ಪದೆ ಹೇಳುತ್ತಾನೆ. ಶೇಷವೆಂದರೇನೆಂಬುದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು.

ಕಳೆದ ಸಲ ಕಾಯಿ ಕೆಡವಿದಾಗ ಈ ಲೆಕ್ಕವನ್ನು ಅವನೆದುರು ಬಿಡಿಸಿದೆ. "ಇಷ್ಟೇನಾ ಸಾರ್?" ಎಂದು ನಕ್ಕ. ಕ್ಷಮೆ ಕೇಳಬೇಕೆಂದಿದ್ದೆ; ಮಾತು ಹೊರಡಲಿಲ್ಲ. ಇಲ್ಲಿ ಬರೆದಿದ್ದೇನೆ.