‘ವ್ಯಾಪಾರ’ ಆಟದ ನಿಜವಾದ ತಾಯಿ ಯಾರು?



ಸೂಟಿ ಬಂದರೆ ಹುಡುಗರು ಕಟ್ಟೆಯ ಮೇಲೆ ಹರಡಿಕೊಂಡು ಕೂಡುವ ‘ವ್ಯಾಪಾರ’ ಅಥವಾ ‘ಬಿಸಿನೆಸ್’ ಆಟ ನಿಮಗೆಲ್ಲ ಗೊತ್ತೇ ಇದೆ. ದಾಳ ಒಗೆಯೋದು, ಮುಂಬಯಿ ಕೊಳ್ಳೋದು, ದಿಲ್ಲಿ ಕೊಳ್ಳೋದು, ಬಂದವರಿಂದ ಬಾಡಿಗೆ ವಸೂಲಿ ಮಾಡೋದು. ಉಳಿದವರ ಕಿಸೆ ಖಾಲಿ ಆದಾಗ ಒಬ್ಬ ಗೆದ್ದ. ಇದು ಅಮೆರಿಕದ ‘ಮೊನೊಪಲಿ’ ಆಟದ ನಮ್ಮ ದೇಶದ ರೂಪ. ಮೊನೊಪಲಿ ಅಂದರೆ ಎಲ್ಲವೂ ಒಬ್ಬನ ಕೈಯಲ್ಲಿರುವುದು. ಆದರೆ ನೋಡ್ರಿ, ಇದರ ಮೂಲ ಆಟ ಹುಟ್ಟಿದ್ದು ಜಮೀನ್ದಾರನನ್ನು ಹೊಗಳಲಿಕ್ಕಲ್ಲ, ಅವನ ಅನ್ಯಾಯ ತೋರಿಸಲಿಕ್ಕೆ.

ಅದನ್ನು ಮಾಡಿದವರು ಎಲಿಜಬೆತ್ ಮಗೀ. 1866ರಲ್ಲಿ ಇಲಿನಾಯ್ ರಾಜ್ಯದಲ್ಲಿ ಹುಟ್ಟಿದರು. ತಂದೆ ಪತ್ರಿಕೆ ನಡೆಸುತ್ತಿದ್ದವರು, ಗುಲಾಮಗಿರಿಯ ವಿರೋಧಿ. ಮಗಳು ವಾಷಿಂಗ್ಟನ್‌ನಲ್ಲಿ ಶೀಘ್ರಲಿಪಿ ಬರೆದು ದುಡಿಯುತ್ತಿದ್ದರು. ಹೆನ್ರಿ ಜಾರ್ಜ್ ಎಂಬ ಚಿಂತಕರು 1879ರಲ್ಲಿ ಬರೆದ ಪುಸ್ತಕವೊಂದು ಆಕೆಯ ಮನಸ್ಸನ್ನು ಹಿಡಿಯಿತು. ಅದರ ವಾದ ಸರಳ: ಭೂಮಿಯನ್ನು ಯಾರೂ ತಯಾರಿಸಿಲ್ಲ. ಹತ್ತು ಜನ ದುಡಿದು ಊರು ಬೆಳೆಸಿದರೆ ನೆಲದ ಬೆಲೆ ಏರುತ್ತದೆ, ಲಾಭ ಮಾತ್ರ ಕೂತು ತಿನ್ನುವ ಒಡೆಯನಿಗೆ. ಆದ್ದರಿಂದ ನೆಲದ ಬೆಲೆಯ ಮೇಲೆ ತೆರಿಗೆ ಹಾಕಿ, ಅದನ್ನು ಎಲ್ಲರಿಗಾಗಿ ಖರ್ಚು ಮಾಡಬೇಕು.

ಭಾಷಣದಲ್ಲಿ ಹೇಳಿದರೆ ಎಷ್ಟು ಜನ ಕೇಳ್ತಾರೆ? ಆಕೆ ಆಟವಾಗಿ ಮಾಡಿದರು. ಹೆಸರು ‘ಜಮೀನ್ದಾರನ ಆಟ’. 1904ರ ಜನವರಿ 5ರಂದು ಪೇಟೆಂಟ್ ಸಿಕ್ಕಿತು. ಹಲಗೆಯ ಒಂದು ಮೂಲೆಯಲ್ಲಿ ಭೂತಾಯಿ. ಅಲ್ಲಿ ಹಾದುಹೋದಾಗಲೆಲ್ಲ ದುಡಿಮೆಗೆ 100 ಡಾಲರ್ ಕೂಲಿ. ಇನ್ನೊಂದು ಮೂಲೆ ‘ನೀಲಿರಕ್ತದ ದೊರೆ’ಯ ಜಾಗ. ಹುಟ್ಟಿನಿಂದಲೇ ಮೇಲು ಅನ್ನುವವರನ್ನು ಅಣಕಿಸುವ ಹೆಸರು ಅದು. ಅವನ ನೆಲಕ್ಕೆ ಕಾಲಿಟ್ಟರೆ ಸೀದಾ ಜೈಲು! ಆಡಲು ಎರಡು ಬಗೆಯ ನಿಯಮ ಇಟ್ಟರು. ಒಂದರಲ್ಲಿ ಒಬ್ಬನೇ ಎಲ್ಲವನ್ನೂ ನುಂಗುತ್ತಾನೆ. ಇನ್ನೊಂದರಲ್ಲಿ ಸಂಪತ್ತು ಬೆಳೆದರೆ ಎಲ್ಲರಿಗೂ ಪಾಲು. ಎರಡನ್ನೂ ಆಡಿ ನೋಡಿದವರಿಗೆ ವ್ಯತ್ಯಾಸ ತಾನೇ ತಿಳಿಯಲಿ ಎಂಬುದು ಆಕೆಯ ಲೆಕ್ಕ.

ಆಟ ಕೈಯಿಂದ ಕೈಗೆ ಹರಡಿತು. ಜನ ಬಟ್ಟೆಯ ಮೇಲೆ ಬರೆದುಕೊಂಡು ತಮ್ಮ ಊರಿನ ಹೆಸರು ಹಾಕಿಕೊಂಡರು. ಅಟ್ಲಾಂಟಿಕ್ ಸಿಟಿ ಎಂಬ ಕಡಲೂರಿನ ಕ್ವೇಕರ್ ಪಂಥದವರು ಹಾಕಿದ ಬೀದಿ ಹೆಸರುಗಳೇ ಅಮೆರಿಕದ ಹಲಗೆಯ ಮೇಲೆ ಇಂದಿಗೂ ಉಳಿದಿವೆ. ಅದರಲ್ಲಿ ಅತಿ ಅಗ್ಗದ ಮನೆಗಳಲ್ಲಿ ಒಂದು ಬಾಲ್ಟಿಕ್ ಅವೆನ್ಯೂ. ಆಗ ಅದು ಕಪ್ಪು ಜನರ ಓಣಿಯಾಗಿತ್ತು. ಅಲ್ಲಿನ ದೊಡ್ಡ ಹೋಟೆಲುಗಳಲ್ಲಿ ಅಡುಗೆಗೆ, ಕಸಕ್ಕೆ, ಸಾಮಾನು ಹೊರಲಿಕ್ಕೆ ಅವರು ಬೇಕಿತ್ತು. ಅತಿಥಿಯಾಗಿ ಉಳಿಯಲು ಮಾತ್ರ ಕೋಣೆ ಇರಲಿಲ್ಲ. ಊರು ಬೇರೆ, ಕೇರಿ ಬೇರೆ ಎಂಬುದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಮುಂದೆ ಚಾರ್ಲ್ಸ್ ಡ್ಯಾರೋ ಎಂಬಾತ ಪರಿಚಯದವರ ಮನೆಯಲ್ಲಿ ಈ ಆಟ ಕಲಿತ. 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿಗೆ ತನ್ನದೆಂದು ಮಾರಿದ, ಶ್ರೀಮಂತನಾದ. ಕೆಲಸ ಕಳೆದುಕೊಂಡ ಬಡವನೊಬ್ಬ ಆಟ ಕಂಡುಹಿಡಿದ ಎಂಬ ಕಥೆ ದೇಶವೆಲ್ಲ ಹಬ್ಬಿತು. ಅದೇ ವರ್ಷ ಕಂಪನಿ ಮಗೀ ಅವರ ಪೇಟೆಂಟನ್ನೂ ಕೊಂಡಿತು. ಕೊಟ್ಟದ್ದು ಬರೀ 500 ಡಾಲರ್. ಮಾರಾಟದಲ್ಲಿ ಒಂದು ಬಿಡಿಗಾಸಿನ ಪಾಲೂ ಇಲ್ಲ. 1936ರಲ್ಲಿ ಆಕೆ ಪತ್ರಿಕೆಯವರ ಮುಂದೆ ತನ್ನ ಹಳೆಯ ಹಲಗೆಗಳನ್ನು ಹಿಡಿದು ತೋರಿಸಿದರು. ಆದರೂ ಕಥೆ ಬದಲಾಗಲಿಲ್ಲ. 1948ರಲ್ಲಿ ತೀರಿಕೊಂಡರು. ಎಲ್ಲರಿಗೂ ಪಾಲು ಕೊಡುವ ನಿಯಮವೂ ಅಷ್ಟರಲ್ಲಿ ಮರೆತುಹೋಗಿತ್ತು. ಉಳಿದದ್ದು ನುಂಗುವ ನಿಯಮ ಒಂದೇ.

ಸತ್ಯ ಹೊರಬಂದದ್ದು 1970ರ ದಶಕದಲ್ಲಿ. ರಾಲ್ಫ್ ಆನ್ಸ್‌ಪಾಕ್ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕರು ‘ಆಂಟಿ-ಮೊನೊಪಲಿ’ ಎಂಬ ಆಟ ತಂದರು. ಕಂಪನಿ ತಕರಾರು ತೆಗೆಯಿತು. ಕೋರ್ಟಿಗಾಗಿ ಹಳೆಯ ಕಾಗದ ಹುಡುಕುವಾಗ ಅವರ ಕೈಗೆ ಮಗೀ ಅವರ ಪೇಟೆಂಟ್ ಸಿಕ್ಕಿತು. 1983ರಲ್ಲಿ ಕೊನೆಗೂ ಪ್ರಾಧ್ಯಾಪಕರು ಗೆದ್ದರು.

ಗೆಳೆಯರೇ, ಇಲ್ಲಿ ಒಂದು ಮಾತು ಗಮನಿಸ್ರಿ. ಆಕೆಯ ಪರವಾಗಿ ಸಾಕ್ಷಿ ಹೇಳಿದ್ದು ಜನರ ನೆನಪಷ್ಟೇ ಅಲ್ಲ, ತೇದಿ ಹಾಕಿದ ಒಂದು ಕಾಗದವೂ ಹೌದು. ನಮ್ಮ ಕೇರಿಯ ಹಿರಿಯರು ಅಗೆದ ಬಾವಿ, ಕಟ್ಟಿದ ಕಲ್ಲು, ಹಾಡಿದ ಪದ ಇಂದು ಯಾರ ಹೆಸರಿನಲ್ಲಿ ಇವೆ? ಇನ್ನೂ ಬದುಕಿರುವ ಅಜ್ಜ-ಅಜ್ಜಿಯರ ಹತ್ತಿರ ಈ ವರ್ಷವೇ ಹೋಗಿ ಕೂಡ್ರಿ, ಕೇಳ್ರಿ, ಹೆಸರು ಮತ್ತು ಇಸವಿ ಹಾಕಿ ಬರೆದಿಡ್ರಿ. ಬರೆಯದೆ ಬಿಟ್ಟದ್ದನ್ನು ತನ್ನದೆನ್ನಲು ಯಾರಾದರೂ ಬಂದೇ ಬರುತ್ತಾರೆ.