ಅದಿರಿನೊಳಗಿನ ನೀರು

ತುಮಕೂರು ಜಿಲ್ಲೆಗೆ ಕಡಲಿಲ್ಲ. ಆದರೂ ಕರಾವಳಿಯ ಹಡಗು ದುರಂತಗಳ ಚರಿತ್ರೆಯನ್ನು ಬರೆಯುವವರು ಈ ಒಳನಾಡನ್ನು ಬಿಟ್ಟು ಬರೆಯಲಾರರು. ಈ ಶತಮಾನದ ಮೊದಲ ದಶಕದಲ್ಲಿ ಚೀನಾದ ಉಕ್ಕಿನ ಕಾರ್ಖಾನೆಗಳು ಕಬ್ಬಿಣದ ಅದಿರಿಗೆ ಹಿಂದೆಂದೂ ಇಲ್ಲದ ಬೆಲೆ ಕೊಡತೊಡಗಿದಾಗ ಬಳ್ಳಾರಿ, ಚಿತ್ರದುರ್ಗದ ಜೊತೆಗೆ ಚಿಕ್ಕನಾಯಕನಹಳ್ಳಿ, ಗುಬ್ಬಿ ಕಡೆಯ ಗುಡ್ಡಗಳೂ ಲಾರಿ ಏರಿದವು. ಹಿಂದೆ ಬೇಡಿಕೆಯಿಲ್ಲದೆ ಗಣಿಯ ಬದಿಯಲ್ಲೇ ಬಿದ್ದಿರುತ್ತಿದ್ದ ಅದಿರಿನ ಪುಡಿಗೂ ಬೆಲೆ ಬಂತು. ಮಂಗಳೂರು, ಬೇಲೇಕೇರಿ, ಕಾರವಾರದ ಬಂದರುಗಳಲ್ಲಿ ಆ ಪುಡಿ ಬಯಲಿನಲ್ಲೇ ರಾಶಿ ಬಿತ್ತು. ಮಳೆಗಾಲ ಬಂದಾಗಲೂ ರಾಶಿಗಳು ಅಲ್ಲೇ ಇದ್ದವು, ಹಡಗು ತುಂಬುವ ಕೆಲಸವೂ ನಿಲ್ಲಲಿಲ್ಲ. ಹಡಗು ಮುಳುಗುವುದು ಕಡಲಲ್ಲಿ. ಆದರೆ ಆ ಮುಳುಗಡೆಗೆ ಬೇಕಾದದ್ದೆಲ್ಲ ನೆಲದ ಮೇಲೆಯೇ ಸಿದ್ಧವಾಗುತ್ತದೆ. ಅದನ್ನು ತಡೆಯುವ ಕೆಲಸವೂ ನೆಲದ ಮೇಲೆಯೇ ಆಗಬೇಕು ಎಂಬುದು ಈ ಚರಿತ್ರೆ ಕಲಿಸುವ ಪಾಠ.

2009ರ ಜುಲೈನಲ್ಲಿ ಸುಮಾರು 13,600 ಟನ್ ಅದಿರಿನ ಪುಡಿ ತುಂಬಿಕೊಂಡು ನವಮಂಗಳೂರು ಬಂದರಿನಿಂದ ಚೀನಾಕ್ಕೆ ಹೊರಟ 'ಏಷ್ಯನ್ ಫಾರೆಸ್ಟ್' ಹಡಗು ದೂರ ಹೋಗುವ ಮೊದಲೇ ಒಂದು ಬದಿಗೆ ವಾಲಿ ಮುಳುಗಿತು. ಅದರಲ್ಲಿದ್ದ 18 ಮಂದಿ ಚೀನೀ ನಾವಿಕರನ್ನು ಕರಾವಳಿ ರಕ್ಷಣಾ ಪಡೆ ಉಳಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಒಡಿಶಾದ ಪಾರಾದೀಪ್ ಬಳಿ ಇಂಥದ್ದೇ ಸರಕು ಹೊತ್ತಿದ್ದ 'ಬ್ಲ್ಯಾಕ್ ರೋಸ್' ಮುಳುಗಿತು. ತೇವದ ಅದಿರಿನ ಪುಡಿ ಮೇಲ್ನೋಟಕ್ಕೆ ಗಟ್ಟಿ ಮಣ್ಣಿನಂತೆಯೇ ಇರುತ್ತದೆ. ಎಂಜಿನ್ನಿನ ಕಂಪನ ಮತ್ತು ಅಲೆಗಳ ಕುಲುಕಾಟಕ್ಕೆ ಕಣಗಳು ಒತ್ತೊತ್ತಾಗಿ ಕೂರುತ್ತವೆ. ನಡುವಿನ ನೀರಿಗೆ ಜಾಗವಿಲ್ಲದಾಗಿ ಅದರ ಒತ್ತಡ ಏರುತ್ತದೆ. ಕೊನೆಗೆ ಕಣಕ್ಕೆ ಕಣದ ಹಿಡಿತ ತಪ್ಪಿ ಇಡೀ ರಾಶಿ ಕೆಸರಾಗಿ ಹರಿಯುತ್ತದೆ. ಹಡಗು ಒಂದು ಮಗ್ಗುಲಿಗೆ ಓಲಿದಾಗ ಸರಕೂ ಅತ್ತ ಹರಿಯುತ್ತದೆ, ಹಡಗು ಮರಳಿ ನೆಟ್ಟಗಾಗಬೇಕಾದಾಗ ಅದು ಪೂರ್ತಿಯಾಗಿ ಹಿಂದಿರುಗುವುದಿಲ್ಲ. ಇಂಥ ಕೆಲವು ಓಲಾಟಗಳಲ್ಲೇ ಹಡಗು ಮಗುಚಬಹುದು.

ಮುಂಗಾರಿನ ಕಡಲು ರೌದ್ರವಾದದ್ದು, ಅಪಘಾತಕ್ಕೆ ಅದೇ ಕಾರಣ ಎನ್ನುವವರಿದ್ದಾರೆ. ಈ ಮಾತಿಗೆ ಹಳೆಯ ಬಲವಿದೆ. ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರುವ ಮುನ್ನ ಮಳೆಗಾಲವೆಂದರೆ ಮಂಗಳೂರಿನ ಹಳೆ ಬಂದರಿನಲ್ಲಿ ಹಡಗು ವ್ಯಾಪಾರ ನಿಲ್ಲುವ ಕಾಲ. ಮೊಗವೀರರು ಇಂದಿಗೂ ನೂಲ ಹುಣ್ಣಿಮೆಯ ಹೊತ್ತಿಗೆ ಸಮುದ್ರ ಪೂಜೆ ಮಾಡಿಯೇ ಹೊಸ ಋತುವಿನ ಮೀನುಗಾರಿಕೆಗೆ ಹೊರಡುತ್ತಾರೆ. ಸರ್ವಋತು ಬಂದರು ಬಂದಾಗ ಆ ಬಿಡುವು ಹೋಯಿತು. ಅಲೆತಡೆ, ಆಳದ ಕಾಲುವೆ, ಉಕ್ಕಿನ ಹಡಗು ಅದರ ಜಾಗಕ್ಕೆ ಬಂದವು. ಮುಂಗಾರಿನ ಅಲೆಯನ್ನು ಹಡಗು ತಾಳಬಲ್ಲದು. ಆದರೆ ಬಯಲಿನ ರಾಶಿಗೆ ಮಳೆಯಿಂದ ರಕ್ಷಣೆಯಾಗಿದ್ದ ಆ ಹಳೆಯ ಬಿಡುವಿಗೆ ಬದಲಿಯಾಗಿ ಯಾರೂ ಏನನ್ನೂ ಕಟ್ಟಲಿಲ್ಲ. ಅದೇ ಕಡಲಲ್ಲಿ ಬೇರೆ ಸರಕಿನ ಹಡಗುಗಳು ದಾಟಿಹೋದವು ಎಂಬುದನ್ನು ನೆನೆದರೆ ತಪ್ಪನ್ನೆಲ್ಲ ಅಲೆಗಳ ಮೇಲೆ ಹೊರಿಸಲಾಗದು.

ಹಾಗಾದರೆ ಕ್ಯಾಪ್ಟನ್ ಬೇಡವೆನ್ನಬಹುದಿತ್ತಲ್ಲ? ಅನುಮಾನ ಬಂದರೆ ಆತ ಮಾಡಬಹುದಾದ ಪರೀಕ್ಷೆಯೊಂದಿದೆ: ಡಬ್ಬಿಗೆ ಅರ್ಧ ಅದಿರು ತುಂಬಿ, ಗಟ್ಟಿ ನೆಲದ ಮೇಲೆ 25 ಸಲ ಕುಕ್ಕಿ, ಮೇಲೆ ನೀರು ಕಾಣುತ್ತದೆಯೇ ನೋಡುವುದು. ನೀರು ಕಂಡರೆ ಅದು ಅಪಾಯದ ಸೂಚನೆ. ಕಾಣದಿದ್ದರೆ ಅಪಾಯವಿಲ್ಲ ಎನ್ನಲಾಗದು. ಸರಕು ನಿರಾಕರಿಸಿದರೆ ದಿನದ ಲೆಕ್ಕದಲ್ಲಿ ಬಾಡಿಗೆ ನಷ್ಟ. ಅಷ್ಟು ಒತ್ತಡದ ನಡುವೆ ಒಬ್ಬ ಮನುಷ್ಯನ ಧೈರ್ಯವನ್ನೇ ನಂಬಿಕೊಂಡ ಸುರಕ್ಷತೆ ಸುರಕ್ಷತೆಯಲ್ಲ. ನಮ್ಮ ಕೆರೆ ಕಟ್ಟಿದವರಿಗೆ ಇದು ಗೊತ್ತಿತ್ತು. ಕೆರೆಗೆ ಎಷ್ಟು ನೀರು ಸಾಕೆಂಬ ತೀರ್ಮಾನವನ್ನು ಅವರು ಪ್ರವಾಹದ ರಾತ್ರಿಗೆ ಬಿಡಲಿಲ್ಲ. ಕೋಡಿಯ ಎತ್ತರದಲ್ಲಿಯೇ ಅದನ್ನು ಕಟ್ಟಿಟ್ಟರು. ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ ಎದ್ದ ಮಾರ್ಕೋನಹಳ್ಳಿ ಜಲಾಶಯ ಅದೇ ವಿವೇಕವನ್ನು ಮುಂದುವರಿಸಿತು. ಅಲ್ಲಿ ನೀರು ಗೊತ್ತಾದ ಮಟ್ಟ ಮೀರಿದೊಡನೆ ಸೈಫನ್ ತಾನಾಗಿ ನೀರೆಳೆದು ಹೊರಹಾಕುತ್ತದೆ. ಗೇಟು ಎತ್ತುವವನಿಗಾಗಿ ಕಾಯುವುದಿಲ್ಲ.

ಕಡಲ ವ್ಯಾಪಾರ ಈ ವಿವೇಕಕ್ಕೆ ಬಂದದ್ದು ತಡವಾಗಿ, ಸಾವುಗಳನ್ನು ಎಣಿಸಿದ ಮೇಲೆ. ಅತಿಭಾರ ಹೇರಿ ಹಡಗು ಮುಳುಗಿಸುವವರ ವಿರುದ್ಧ ಬ್ರಿಟಿಷ್ ಸಂಸದ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಹೋರಾಡಿದ ಫಲವಾಗಿ 1876ರ ಕಾಯಿದೆ ಹಡಗಿನ ಮೈಮೇಲೆ ಭಾರದ ಗೆರೆ ಎಳೆಯಲು ಹೇಳಿತು. ಆದರೆ ಗೆರೆ ಎಲ್ಲಿರಬೇಕೆಂಬ ಆಯ್ಕೆ ಮಾಲೀಕನದೇ ಆಗಿತ್ತು. ಅದನ್ನು ಕಾನೂನು ನಿಗದಿ ಮಾಡಲು 1890 ಬರಬೇಕಾಯಿತು. ಅದಿರಿನ ವಿಷಯದಲ್ಲೂ ಇದೇ ಕಥೆ. ತೇವದ ಮಿತಿ ನಿಯಮಗಳಲ್ಲಿತ್ತು, ಆದರೆ ತೇವ ಎಷ್ಟಿದೆ ಎಂದು ಬರೆದುಕೊಡುತ್ತಿದ್ದವನು ಸರಕು ಕಳಿಸುವವನೇ. ಬಿಡಿ ಸರಕುಗಳ ಅಂತರರಾಷ್ಟ್ರೀಯ ಸಂಹಿತೆ 2011ರ ಜನವರಿಯಲ್ಲಿ ಕಡ್ಡಾಯವಾಯಿತು. ಅದಕ್ಕೆ ಮುಂಚಿನ ಕೆಲವೇ ವಾರಗಳಲ್ಲಿ ನಿಕ್ಕಲ್ ಅದಿರು ಹೊತ್ತ ಮೂರು ಹಡಗುಗಳು ಮುಳುಗಿ 44 ನಾವಿಕರು ಸತ್ತಿದ್ದರು. ಕಬ್ಬಿಣದ ಅದಿರಿನ ಪುಡಿಗೇ ಪ್ರತ್ಯೇಕ ನಿಯಮ ಕಡ್ಡಾಯವಾದದ್ದು 2017ರಲ್ಲಿ.

ತಾನಾಗಿ ಕೆಲಸ ಮಾಡುವ ವ್ಯವಸ್ಥೆ ಇದ್ದರೆ ಸಾಕೇ ಎಂಬ ಪ್ರಶ್ನೆಗೂ ಮಾರ್ಕೋನಹಳ್ಳಿಯಲ್ಲೇ ಉತ್ತರವಿದೆ, ಅದು ನೋವಿನದು. 2025ರ ಅಕ್ಟೋಬರ್‌ನಲ್ಲಿ ಅಲ್ಲಿಗೆ ವಿಹಾರಕ್ಕೆ ಬಂದು ನೀರಿಗಿಳಿದವರು ಏಕಾಏಕಿ ನುಗ್ಗಿದ ನೀರಿನಲ್ಲಿ ಕೊಚ್ಚಿಹೋದರು. ಸೈಫನ್ ಅಣೆಕಟ್ಟನ್ನು ಕಾಯುತ್ತದೆ. ಕೆಳಗೆ ನಿಂತವರನ್ನು ಕಾಯಲು ಬೇಲಿ, ಎಚ್ಚರಿಕೆಯ ಗಂಟೆ, ಕಾವಲು ಬೇಕು. ಕಟ್ಟಿಟ್ಟ ಮಿತಿಯೂ ಬೇಕು, ಅದನ್ನು ನೋಡಿಕೊಳ್ಳುವ ಜನರೂ ಬೇಕು. ಅದಿರಿನ ವಿಷಯಕ್ಕೆ ಮರಳಿದರೆ, ರಾಜ್ಯ ಸರ್ಕಾರ 2010ರಲ್ಲಿ ಅದಿರು ರಫ್ತು ನಿಲ್ಲಿಸಿತು, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ, ಚಿತ್ರದುರ್ಗ, ತುಮಕೂರು ಮೂರೂ ಜಿಲ್ಲೆಗಳ ಗಣಿಗಾರಿಕೆಯನ್ನು ತಡೆಯಿತು. ಆದರೆ ಆ ನಿಷೇಧಗಳು ಬಂದದ್ದು ಅಕ್ರಮ ಗಣಿಗಾರಿಕೆಯ ಕಾರಣಕ್ಕೆ, ನಾವಿಕರ ಜೀವದ ಕಾರಣಕ್ಕಲ್ಲ. 2022ರಲ್ಲಿ ಸುಪ್ರೀಂ ಕೋರ್ಟ್ ರಫ್ತಿನ ಬಾಗಿಲು ಮತ್ತೆ ತೆರೆದಿರುವುದರಿಂದ ಈ ವ್ಯತ್ಯಾಸ ಮುಖ್ಯವಾಗುತ್ತದೆ. ಅದಿರು ಹೊರಡುವುದಾದರೆ ಸೂರಿನಡಿ ದಾಸ್ತಾನಾಗಲಿ. ತೇವವನ್ನು ಅಳೆಯುವವನು ಮಾರುವವನ ಸಂಬಳದವನಾಗದಿರಲಿ. ಬೇಡವೆಂದ ಕ್ಯಾಪ್ಟನ್‌ಗೆ ಅದರಿಂದ ನಷ್ಟವಾಗದಿರಲಿ. ಇವು ದುಬಾರಿ ಎನ್ನುವವರು ತಾವು ಉಳಿಸುವ ಹಣಕ್ಕೆ ಬೆಲೆ ತೆರುವವರು ಯಾರೆಂಬುದನ್ನು ನಾವಿಕರ ಮನೆಗಳಲ್ಲಿ ಕೇಳಿ ತಿಳಿಯಬೇಕು.