ಒಂದೇ ಪಂಕ್ತಿಯ ಬಾಳು: ಆಶಾನಿಕೇತನದ ಚರಿತ್ರೆ

"ನಮ್ಮ ಕಾಲಾನಂತರ ಈ ಕೂಸಿಗೆ ಯಾರು ಗತಿ?" ಬುದ್ಧಿಶಕ್ತಿ ಪೂರ್ಣವಾಗಿ ಬೆಳೆಯದ ಮಕ್ಕಳನ್ನು ಪಡೆದ ತಂದೆತಾಯಿಗಳ ಎದೆಯನ್ನು ಕೊರೆಯುವ ಪ್ರಶ್ನೆಯಿದು. ಕಪನೂರಿನ ದುಡಿಯುವ ಕುಟುಂಬಕ್ಕೂ ರಾಜಧಾನಿಯ ಸಿರಿವಂತರಿಗೂ ಇದು ಸಮಾನವೇ. ಇದಕ್ಕೆ ನಮ್ಮ ನಾಡಿನಲ್ಲೇ ದೊರೆತ ಒಂದು ಉತ್ತರದ ಚರಿತ್ರೆಯನ್ನು ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಸ್ಮರಿಸುವುದು ಉಚಿತ.

1964ರಲ್ಲಿ, ಹಿಂದೆ ನೌಕಾದಳದ ಅಧಿಕಾರಿಯಾಗಿದ್ದ ಕೆನಡಾದ ಜಾನ್ ವಾನಿಯೇ ಅವರು ಫ್ರಾನ್ಸ್ ದೇಶದ ಟ್ರೋಸ್ಲಿ ಎಂಬ ಹಳ್ಳಿಯಲ್ಲಿ ಸಣ್ಣ ಮನೆಯೊಂದನ್ನು ಕೊಂಡರು. ಪಾಲನಾಗೃಹದಲ್ಲಿ ಕೊಳೆಯುತ್ತಿದ್ದ ರಫಾಯೆಲ್ ಸಿಮಿ ಮತ್ತು ಫಿಲಿಪ್ ಸೇ ಎಂಬವರನ್ನು ಕರೆತಂದು, ಅವರೊಡನೆಯೇ ವಾಸಿಸತೊಡಗಿದರು. ಆ ಮನೆಗೆ 'ಲಾರ್ಶ್', ಅಂದರೆ ನೋಹನ ನಾವೆ ಎಂದು ಹೆಸರಾಯಿತು. 1970ರಲ್ಲಿ ಅದರ ಭಾರತದ ಮೊದಲ ಶಾಖೆಯಾಗಿ ಬೆಂಗಳೂರಿನಲ್ಲಿ 'ಆಶಾನಿಕೇತನ' ಉದಯಿಸಿತು. ಮುಂದೆ ಕಲ್ಕತ್ತ, ಮದರಾಸು ಮತ್ತು ಕೇರಳದಲ್ಲಿಯೂ ಇಂಥ ಮನೆಗಳಾದವು.

ಇಲ್ಲಿನ ಪದ್ಧತಿ ಸರಳವಾದುದು. ನಿವಾಸಿಗಳೂ ಸಹಾಯಕರೂ ಒಂದೇ ಸೂರಿನಡಿ ಬಾಳುತ್ತಾರೆ; ಕಸ ಗುಡಿಸುವುದು, ತರಕಾರಿ ಹೆಚ್ಚುವುದು, ಉಣ್ಣುವುದು, ಪ್ರಾರ್ಥಿಸುವುದು ಎಲ್ಲವೂ ಕೂಡಿಯೇ. ಹಗಲಿನಲ್ಲಿ ಪ್ರತಿಯೊಬ್ಬರಿಗೂ ಅವರವರ ಶಕ್ತ್ಯನುಸಾರ ಕೈಕೆಲಸವುಂಟು. ಯುರೋಪಿನಲ್ಲಿ ಕಥೋಲಿಕರ ನಡುವೆ ಹುಟ್ಟಿದ ಈ ಕುಟುಂಬದಲ್ಲಿ, ನಮ್ಮ ದೇಶಕ್ಕೆ ಬಂದಾಗ ಹಿಂದೂ, ಮುಸಲ್ಮಾನ, ಕ್ರೈಸ್ತರೆಲ್ಲರೂ ಸದಸ್ಯರಾದರು. ಶರಣಬಸವೇಶ್ವರರ ದಾಸೋಹ, ಬಂದೇನವಾಜರ ದರ್ಗಾಗಳನ್ನು ಬಲ್ಲ ಕಲಬುರಗಿಯ ಜನರಿಗೆ ಇದು ಹೊಸತೆನಿಸಲಾರದು. ಆದರೆ ಬಡಿಸುವವನೂ ಉಣ್ಣುವವನೂ ದಿನನಿತ್ಯ ಒಂದೇ ಪಂಕ್ತಿಯಲ್ಲಿ ಕೂರುವುದು, ಅದನ್ನೇ ಜೀವಮಾನವಿಡೀ ನಡೆಸುವುದು ಸುಲಭವಲ್ಲ. ಸಹಾಯಕರು ಬಂದು ಹೋಗುತ್ತಾರೆ. ನಿವಾಸಿಗಳು ಅಲ್ಲಿಯೇ ಮುಪ್ಪಾಗುತ್ತಾರೆ.

ಈ ಚರಿತ್ರೆಯ ಕಹಿಯನ್ನೂ ಮರೆಮಾಚಲಾಗದು. ವಾನಿಯೇ ಅವರು 2019ರಲ್ಲಿ ನಿಧನರಾದರು. ಆಧ್ಯಾತ್ಮಿಕ ಮಾರ್ಗದರ್ಶನದ ನೆಪದಲ್ಲಿ ಅವರು ಸ್ತ್ರೀಯರನ್ನು ಲೈಂಗಿಕವಾಗಿ ಶೋಷಿಸಿದ್ದರೆಂದು, ಲಾರ್ಶ್ ಸಂಸ್ಥೆ ತಾನೇ ಮಾಡಿಸಿದ ವಿಚಾರಣೆಯಿಂದ 2020ರಲ್ಲಿ ಬಯಲಾಯಿತು. 2023ರ ವರದಿಯು ಕನಿಷ್ಠ 25 ಮಂದಿ ಸ್ತ್ರೀಯರನ್ನು ಗುರುತಿಸಿತು; ಅವರಲ್ಲಿ ಬೌದ್ಧಿಕ ವಿಕಲತೆಯುಳ್ಳವರು ಯಾರೂ ಇರಲಿಲ್ಲ. ಸಂಸ್ಥಾಪಕನ ಕೀರ್ತಿ ಕುಸಿದರೂ ಮನೆಗಳು ಕುಸಿಯಲಿಲ್ಲ. ಏಕೆಂದರೆ ಅವುಗಳನ್ನು ಹೊತ್ತು ನಿಲ್ಲಿಸಿದವರು ಹೆಸರಿಲ್ಲದ ಸಹಾಯಕರು ಮತ್ತು ನಿವಾಸಿಗಳು. ವ್ಯಕ್ತಿಪೂಜೆ ಅಪಾಯಕರ, ಸೇವೆಗೂ ಕಾವಲು ಬೇಕು ಎಂಬುದೇ ಇದರ ಪಾಠ.

ಕಾನೂನೂ ಈಗ ಬೆಂಬಲಕ್ಕಿದೆ. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದಂತೆ ಇಂಥವರಿಗೆ ಪೋಷಕರನ್ನು ನೇಮಿಸಲು ಜಿಲ್ಲಾಧಿಕಾರಿಗಳನ್ನೊಳಗೊಂಡ ಸ್ಥಳೀಯ ಸಮಿತಿಗೆ ಅರ್ಜಿ ಸಲ್ಲಿಸಬಹುದು. 2016ರ ಅಧಿನಿಯಮವು ಸಮಾಜದ ನಡುವೆಯೇ ಬಾಳುವ ಹಕ್ಕನ್ನು ಅವರಿಗೆ ನೀಡಿದೆ.

ಆದರೆ ಹಕ್ಕು ಕಾಗದದಲ್ಲಿದ್ದರೆ ಸಾಲದು. ಅಂಥ ಮಗುವಿರುವ ಮನೆಗೆ ನೆರೆಯವರು ಹೋಗಿಬರಬೇಕು, ಬಳಲಿದ ತಾಯಿಗೆ ಒಂದು ಹಗಲಿನ ಬಿಡುವನ್ನಾದರೂ ಕೊಡಬೇಕು. ಅತ್ಯಲ್ಪರಾದ ಈ ನನ್ನ ಸೋದರರಲ್ಲಿ ಒಬ್ಬನಿಗೆ ಮಾಡಿದ್ದು ನನಗೇ ಮಾಡಿದ್ದೆಂದ ಸ್ವಾಮಿಯ ಮಾತನ್ನು ನಂಬುವ ನಾವು, ಭಕ್ತಬಾಂಧವರೇ, ಆ ಪಂಕ್ತಿಯಲ್ಲಿ ಕೂರಲು ಸಿದ್ಧರಿದ್ದೇವೆಯೇ?